ಎಷ್ಟು ಅಡಿಗೆ ನೀರು?

ರಾತ್ರಿ ಹನ್ನೊಂದೂವರೆ. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ತೋಟದಲ್ಲಿ ಬೋರ್ ಲಾರಿ ಅರಚುತ್ತಿತ್ತು. ತೆಂಗಿನ ಗರಿಗಳ ಮೇಲೆಲ್ಲ ಬಿಳಿ ಧೂಳು, ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ. ಚಿಕ್ಕಪ್ಪ ಚಪ್ಪಡಿಯೊಂದರ ಮೇಲೆ ಕೂತು, ಒಂದೊಂದು ರಾಡು ನೆಲದೊಳಕ್ಕೆ ಇಳಿದಾಗಲೂ ಒಂದೊಂದು ಬೆಣಚುಕಲ್ಲು ಎತ್ತಿ ಪಕ್ಕಕ್ಕಿಡುತ್ತಿದ್ದರು. ರಾಡಿಗೆ ಇಪ್ಪತ್ತು ಅಡಿ. ಮೂವತ್ತೊಂದನೇ ಕಲ್ಲಿಗೆ ರಿಗ್ಗಿನವನು ಯಂತ್ರ ನಿಲ್ಲಿಸಿ ಬಂದ. ತಮಿಳುನಾಡಿನ ತಿರುಚೆಂಗೋಡಿನ ಹುಡುಗ. ನಮ್ಮ ಸೀಮೆಗೆ ಬೋರ್ ಲಾರಿಗಳು ಬರುವುದು ಹೆಚ್ಚಾಗಿ ಆ ಊರಿನಿಂದಲೇ. "ಅಣ್ಣಾ, ಆರ್‌ನೂರಿಪ್ಪತ್ತು ಆಯ್ತು. ಇನ್ನು ನೂರು ಹೊಡಿಲಾಮಾ, ಸಾಕಾ?"

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಎದ್ದು ಹೋಗಿ, ಹೊರಗೆ ಬಿದ್ದಿದ್ದ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಟಾರ್ಚ್ ಬೆಳಕಿಗೆ ಹಿಡಿದರು. ತೇವವಿಲ್ಲ. ಆದರೆ ಬಣ್ಣ ಸ್ವಲ್ಪ ತಿರುಗಿತ್ತು. ಪಕ್ಕದ ತೋಟದಲ್ಲಿ 680ಕ್ಕೆ ಒಂದೂವರೆ ಇಂಚು ನೀರು ಬಿದ್ದದ್ದು ಊರಿಗೇ ಗೊತ್ತು. "ಮೂವತ್ತೈದು ಕಲ್ಲಾಗೋ ತನಕ ಹೊಡಿ. ಆಮೇಲೆ ನಾನೇ ಕೈಮುಗಿದು ಕೇಳ್ಕೊಂಡ್ರೂ ಹೊಡೀಬೇಡ," ಅಂದರು.

ಮೂವತ್ತೈದನೇ ಕಲ್ಲಿಗೂ ನೀರು ಬರಲಿಲ್ಲ. ಬೆಳಗಿನ ಜಾವ ಚಿಕ್ಕಮ್ಮ ಲಾರಿಯ ಹುಡುಗರಿಗೆ ಚಿತ್ರಾನ್ನ ಬಡಿಸಿದರು. ಚಿಕ್ಕಪ್ಪ ಕಲ್ಲುಗಳನ್ನು ಇನ್ನೊಮ್ಮೆ ಎಣಿಸಿ, ಅಡಿ ಲೆಕ್ಕದ ದುಡ್ಡು ಬೇರೆ, ಕೇಸಿಂಗ್ ಪೈಪಿನ ದುಡ್ಡು ಬೇರೆ ಮಾಡಿ ಕೊಟ್ಟರು. ಯಾರೂ ದನಿ ಏರಿಸಲಿಲ್ಲ. ಬೋರು ಫೇಲಾಗಿತ್ತು, ಮಾತು ಫೇಲಾಗಿರಲಿಲ್ಲ.

ಆ ರಾತ್ರಿ ನನಗೆ ಮತ್ತೆ ನೆನಪಾದದ್ದು ಎರಡು ವರ್ಷ ಕಳೆದು, ಬೆಂಗಳೂರಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಸೋರಿಕೆಯ ಗಲಾಟೆಯ ನಡುವೆ. ಇಪ್ಪತ್ನಾಲ್ಕು ಮನೆಗಳ ಹಳೇ ಕಟ್ಟಡ. ನಾನು ಸಂಘದ ಕಾರ್ಯದರ್ಶಿ; ಆರಿಸುವ ದಿನ ಸಭೆಗೆ ಹೋಗದೇ ಇದ್ದದ್ದಕ್ಕೆ ಸಿಕ್ಕ ಪಟ್ಟ. ಮೂರನೇ ಮಹಡಿಯ ಮನೆಯೊಂದರ ಚಾವಣಿಯಲ್ಲಿ ಕಾಫಿ ಚೆಲ್ಲಿದಂಥ ಕಲೆ ಕಾಣಿಸಿಕೊಂಡಾಗ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ತೀರ್ಮಾನಿಸಿ ಮೂರು ಕೊಟೇಷನ್ ತರಿಸಿದೆವು. ಕಡಿಮೆ ಬರೆದವರಿಗೆ ಕೆಲಸ ಕೊಟ್ಟೆವು. ಕೆಲಸ ಚೊಕ್ಕವಾಗಿಯೇ ಆಯಿತು, ಹತ್ತು ವರ್ಷದ ಗ್ಯಾರಂಟಿ ಕಾರ್ಡೂ ಬಂತು. ಮುಂದಿನ ಮಳೆಗಾಲದಲ್ಲಿ ಕಾಫಿ ಕಲೆ ಇನ್ನೂ ಅಗಲವಾಯಿತು.

ಕಂಟ್ರಾಕ್ಟರನ್ನು ಕರೆಸಿ ಹತ್ತು ಜನ ಸುತ್ತ ನಿಂತೆವು. ಆತ ನಿಧಾನವಾಗಿ ಫೈಲು ತೆಗೆದು ನಮ್ಮದೇ ಕಾಗದವನ್ನು ನಮ್ಮ ಮುಂದೆ ಹಿಡಿದ. "ಸರ್, ನೀವು ಕೇಳಿದ್ದು ತಾರಸಿಗೆ ವಾಟರ್‌ಪ್ರೂಫಿಂಗ್, ಇಷ್ಟು ಚದರಡಿ. ನಾನು ಮಾಡಿದ್ದೀನಿ. ತಾರಸಿ ಎಲ್ಲಿ ಸೋರ್ತಾ ಇದೆ, ತೋರಿಸಿ." ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಕಾಯಿಲೆಗೆ ಹೆಸರಿಟ್ಟವರು ನಾವೇ. ಔಷಧಿಯ ದರವನ್ನಷ್ಟೇ ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೆವು.

ಕುರ್ಚಿ, ಸಿಮೆಂಟು, ಕಾಗದದ ರೀಮು ಇವನ್ನು ಕೊಳ್ಳುವಾಗ ಏನು ಬೇಕೆಂಬುದು ನಮಗೆ ಗೊತ್ತಿರುತ್ತದೆ. ದರವೊಂದೇ ಪ್ರಶ್ನೆ. ಎಂಜಿನಿಯರು, ವಕೀಲರು, ಆಡಿಟರು, ವಾಸ್ತುಶಿಲ್ಪಿ, ಸಾಫ್ಟ್‌ವೇರ್ ಮಾಡಿಕೊಡುವವರು, ಇವರ ಹತ್ತಿರ ಹೋಗುವಾಗ ಮಾತ್ರ ಏನು ಬೇಕೆಂಬುದು ಪೂರ್ತಿ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆಯೇ. ಅವರಿಂದ ನಾವು ಕೊಳ್ಳುವ ಮೊದಲ ವಸ್ತುವೇ "ನಿಮಗೆ ನಿಜವಾಗಿ ಬೇಕಾದದ್ದು ಇದು" ಎಂಬ ತಿಳಿವಳಿಕೆ. ಅದನ್ನು ಕೊಳ್ಳುವ ಮೊದಲೇ ಅದರ ವಿವರ ಬರೆದು ದರ ಕೇಳುತ್ತೇವೆ. ಬೋರು ಹೊಡೆಯುವ ಮುಂಚೆ "680 ಅಡಿಗೆ ನೀರು ಕೊಡಲು ಎಷ್ಟು ತಗೋತೀಯ?" ಎಂದು ಕೇಳಿದ ಹಾಗೆ. ಹಾಗೆ ಕೇಳಿದವನಿಗೆ ರಿಗ್ಗಿನವನು ಒಂದೋ ನಕ್ಕು ಲಾರಿ ತಿರುಗಿಸುತ್ತಾನೆ, ಇಲ್ಲವೇ ಒಣ ಗುಂಡಿಗಳ ನಷ್ಟವನ್ನೆಲ್ಲ ಸೇರಿಸಿ ಎದೆ ಒಡೆಯುವಂಥ ದರ ಹೇಳುತ್ತಾನೆ. ಮೂರನೇ ಜಾತಿಯವನೂ ಒಬ್ಬನಿದ್ದಾನೆ. ಕಡಿಮೆ ದರ ಹೇಳಿ ಕೆಲಸ ಹಿಡಿದು, 300 ಅಡಿಯಾದ ಮೇಲೆ "ಕಲ್ಲು ಗಟ್ಟಿ ಸಾರ್" ಎಂದು ರಾಗ ಎಳೆಯುವವನು. ಟೆಂಡರುಗಳನ್ನು ಗೆಲ್ಲುವವನು ಹೆಚ್ಚಾಗಿ ಈ ಮೂರನೆಯವನೇ.

ಬೇಕಾದ್ದು ಗೊತ್ತಿಲ್ಲ ಎಂದು ಕರಾರಿನಲ್ಲಿ ಬರೆದುಕೊಳ್ಳಲು ನಮಗೆ ಸಂಕೋಚ. ಕಾನೂನಿಗೂ ಅದು ಒಪ್ಪಿಗೆಯಾಗದು ಎಂಬ ಭಯ. ಭಯಕ್ಕೆ ಕಾರಣವೂ ಇದೆ. ಭಾರತೀಯ ಕರಾರು ಕಾಯ್ದೆ 1872ರದ್ದು. ಅದರ 29ನೇ ಸೆಕ್ಷನ್ ಪ್ರಕಾರ ಅರ್ಥ ಖಚಿತವಿಲ್ಲದ ಕರಾರು ಅಸಿಂಧು. ಆದರೆ ಆ ವಾಕ್ಯಕ್ಕೆ ಒಂದು ಬಾಲವಿದೆ, ಅದನ್ನು ಓದುವವರು ಕಡಿಮೆ: ಖಚಿತವೂ ಇಲ್ಲ, ಖಚಿತಪಡಿಸಿಕೊಳ್ಳಲು ದಾರಿಯೂ ಇಲ್ಲ ಎಂದರೆ ಮಾತ್ರ ಅಸಿಂಧು. ಕಾಯ್ದೆ ಬರೆದವರು ಉದಾಹರಣೆಗಳನ್ನೂ ಕೊಟ್ಟಿದ್ದಾರೆ. ನೂರು ಟನ್ ಎಣ್ಣೆ ಮಾರುತ್ತೇನೆಂದು ಒಬ್ಬ ಒಪ್ಪಿಕೊಂಡು, ಯಾವ ಎಣ್ಣೆ ಎಂಬುದಕ್ಕೆ ಎಲ್ಲೂ ಸುಳಿವಿಲ್ಲದಿದ್ದರೆ ಆ ಕರಾರು ಬಿದ್ದುಹೋಯಿತು. ಸಾವಿರ ಮಣ ಅಕ್ಕಿಯನ್ನು ಮೂರನೆಯವನೊಬ್ಬ ಗೊತ್ತುಮಾಡುವ ಬೆಲೆಗೆ ಕೊಡುತ್ತೇನೆ ಎಂದರೆ ಅದು ನಿಲ್ಲುತ್ತದೆ. ಬೆಲೆ ಇವತ್ತು ಗೊತ್ತಿಲ್ಲ, ನಿಜ. ಆದರೆ ಗೊತ್ತಾಗುವ ಬಗೆ ಗೊತ್ತಿದೆ. ಕರಾರಿಗೆ ಅಷ್ಟು ಸಾಕು.

ಚಿಕ್ಕಪ್ಪನ ಬೆಣಚುಕಲ್ಲುಗಳು ಮಾಡಿದ್ದು ಇದನ್ನೇ. ಎಷ್ಟು ಅಡಿ ಎಂಬುದು ಸಂಜೆ ಯಾರಿಗೂ ತಿಳಿದಿರಲಿಲ್ಲ. ಆದರೆ ಅಡಿಯನ್ನು ಎಣಿಸುವುದು ಹೇಗೆ, ಮೊದಲ 300 ಅಡಿಗೆ ಯಾವ ದರ, ಆಮೇಲೆ ಪ್ರತಿ ನೂರಕ್ಕೆ ಎಷ್ಟು ಏರುತ್ತದೆ, ಎಲ್ಲಿ ನಿಂತು ಕೇಳಬೇಕು, ನಿಲ್ಲಿಸು ಅನ್ನುವ ಹಕ್ಕು ಯಾರದು, ಇಷ್ಟೂ ಲಾರಿ ತೋಟಕ್ಕೆ ಇಳಿಯುವ ಮೊದಲೇ ಇತ್ಯರ್ಥವಾಗಿತ್ತು. ಒಣ ಗುಂಡಿಯ ನಷ್ಟ ತೋಟದವನದೇ ಎಂಬುದೂ ಕೂಡ.

ನಮ್ಮ ಸೋರಿಕೆಯ ಕತೆ ಇಪ್ಪತ್ನಾಲ್ಕು ಮನೆಯ ಮಾತಾಯಿತು. ಸರ್ಕಾರದ್ದಾದರೆ ಕೋಟಿಗಳ ಮಾತು. ಕರ್ನಾಟಕದಲ್ಲಿ ಕೆಟಿಪಿಪಿ ಎಂದು ಎಲ್ಲರ ಬಾಯಲ್ಲಿರುವ ಕಾಯ್ದೆ, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ, 1999ರದ್ದು. ಟೆಂಡರ್ ಕರೆಯಬೇಕು, ಮೊದಲೇ ಹೇಳಿದ ಮಾನದಂಡದ ಮೇಲೆ ತೂಗಬೇಕು, ತೂಗಿದಾಗ ಕಡಿಮೆ ಬಂದವರಿಗೆ ಕೊಡಬೇಕು. ಕಚೇರಿಯ ಭಾಷೆಯಲ್ಲಿ ಎಲ್1. ಎಲ್1 ಎಂದರೆ ಮೂಗು ಮುರಿಯುವುದು ಈಗ ಫ್ಯಾಷನ್ ಆಗಿದೆ, ನಾನು ಆ ಗುಂಪಿಗೆ ಸೇರಿದವನಲ್ಲ. ಭಾವಮೈದುನನ ಕಂಪನಿಗೆ ಕೆಲಸ ಹೋಗುವುದನ್ನು ತಡೆಯಲು ಅದಕ್ಕಿಂತ ಸರಳವಾದ ಬೇಲಿ ಇನ್ನೊಂದಿಲ್ಲ. ಅಂಕಿಗೆ ಜಾತಿಯಿಲ್ಲ, ನೆಂಟರಿಲ್ಲ. ಕಡಿಮೆ ದರಕ್ಕೆ ಕೊಟ್ಟ ಅಧಿಕಾರಿಯನ್ನು ಆಡಿಟ್‌ನವರು ನಿದ್ದೆಗೆಡಿಸುವುದಿಲ್ಲ.

ಬೇಲಿ ದಾಟಲು ಒಂದು ಕಿಂಡಿಯೂ ಅದೇ ಕಾಯ್ದೆಯಲ್ಲಿದೆ: ಸೆಕ್ಷನ್ 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು. ಪೇಪರ್ ಓದುವವರಿಗೆ "4ಜಿ ವಿನಾಯಿತಿ" ಎಂಬ ಮಾತು ಮೊಬೈಲಿನ 4ಜಿಗಿಂತ ಹಳೆಯದು. ಅದು ಕಿವಿಗೆ ಬಿದ್ದ ಕೂಡಲೇ ನಮ್ಮ ಹುಬ್ಬು ಮೇಲೇರುತ್ತದೆ, ಏರಬೇಕಾದ್ದೇ. ಅಲ್ಲಿಗೆ ಅಧಿಕಾರಿಯ ಮುಂದೆ ಎರಡು ಬಾಗಿಲು. ಒಂದರ ಮೇಲೆ "ಕಡಿಮೆ ದರ" ಎಂದು ಬರೆದಿದೆ, ಇನ್ನೊಂದರ ಮೇಲೆ "ನಮಗೆ ಬೇಕಾದವರು." ತಜ್ಞರ ಸಲಹೆ ಬೇಕಾದ ಕೆಲಸಕ್ಕೆ ಮೊದಲನೆಯದು ಹೊಂದುವುದಿಲ್ಲ, ಎರಡನೆಯದನ್ನು ತೆರೆದವರ ಮೇಲೆ ಅನುಮಾನ ತಪ್ಪುವುದಿಲ್ಲ.

ನಡುವೆ ಮೂರನೇ ಬಾಗಿಲಿದೆ. ಗುಣಮಟ್ಟಕ್ಕೂ ದರಕ್ಕೂ ಸೇರಿಸಿ ಅಂಕ ಕೊಡುವ ಪದ್ಧತಿ, ಕಡತಗಳಲ್ಲಿ ಕ್ಯೂಸಿಬಿಎಸ್. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಸಲಹಾ ಸೇವೆಗಳಿಗೆ ಗುಣಮಟ್ಟದ ತೂಕ ನೂರಕ್ಕೆ 80 ದಾಟುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಹಣಕಾಸು ಸಚಿವಾಲಯ ಕಾಮಗಾರಿಗಳಿಗೂ ಈ ದಾರಿ ಬಿಟ್ಟಿತು, ಅಲ್ಲಿ ಮಿತಿ 30. ಓದಲು ಚೆನ್ನಾಗಿದೆ. ಒಂದು ಲೆಕ್ಕ ಮಾಡಿ ನೋಡೋಣ.

ಇಬ್ಬರು ಸಲಹೆಗಾರರು ಅನ್ನಿ. ಮೊದಲನೆಯವರಿಗೆ ಗುಣಮಟ್ಟದಲ್ಲಿ 90 ಅಂಕ, ಕೇಳಿದ್ದು 50 ಲಕ್ಷ. ಎರಡನೆಯವರಿಗೆ 75 ಅಂಕ, ಕೇಳಿದ್ದು 30 ಲಕ್ಷ. ದರದಲ್ಲಿ ಕಡಿಮೆಯವರಿಗೆ ಪೂರ್ತಿ 100, ಮೊದಲನೆಯವರಿಗೆ ಅದೇ ಅನುಪಾತದಲ್ಲಿ 60. ಗುಣಕ್ಕೆ 70, ದರಕ್ಕೆ 30 ಎಂದು ತೂಗಿದರೆ ಮೊದಲನೆಯವರಿಗೆ 63 ಕೂಡಿಸು 18, ಅಂದರೆ 81. ಎರಡನೆಯವರಿಗೆ 52.5 ಕೂಡಿಸು 30, ಅಂದರೆ 82.5. ಗೆದ್ದವರು ಎರಡನೆಯವರು. ಈಗ ತೂಕವನ್ನು 80-20 ಮಾಡಿ. ಮೊದಲನೆಯವರು 84, ಎರಡನೆಯವರು 80. ಫಲಿತಾಂಶ ತಲೆಕೆಳಗು. ಇಬ್ಬರೂ ತಮ್ಮ ಲಕೋಟೆಯಲ್ಲಿ ಒಂದಕ್ಷರ ಬದಲಿಸಿಲ್ಲ. ಲಕೋಟೆ ಒಡೆಯುವುದಕ್ಕೆ ಎಷ್ಟೋ ದಿನ ಮೊದಲು, 70 ಎಂದೋ 80 ಎಂದೋ ಬರೆದ ಗುಮಾಸ್ತೆಯ ಕೈಯಲ್ಲಿ ಅರ್ಧ ತೀರ್ಪು ಆಗಿಹೋಗಿತ್ತು.

ನನ್ನ ತಕರಾರು ಅಂಕಗಣಿತದ ಮೇಲಲ್ಲ. ಈ ಮೂರನೇ ಬಾಗಿಲಲ್ಲೂ ದರವನ್ನು ಲಕೋಟೆಯಲ್ಲಿ ಮುಚ್ಚಿ ಕೊಡುವುದು ಕೆಲಸದ ಬಗ್ಗೆ ಕೊಳ್ಳುವವರೂ ಸಲಹೆಗಾರರೂ ಕೂತು ಮಾತಾಡುವುದಕ್ಕೆ ಮೊದಲೇ. ಅಮೆರಿಕದ ಕೇಂದ್ರ ಸರ್ಕಾರ ವಾಸ್ತುಶಿಲ್ಪಿ ಮತ್ತು ಎಂಜಿನಿಯರುಗಳ ಮಟ್ಟಿಗೆ ಇದನ್ನು 1972ರಲ್ಲೇ ತಿರುಗಿಸಿ ಹಾಕಿತು. ಬ್ರೂಕ್ಸ್ ಕಾಯ್ದೆ ಅಂತ ಅದರ ಹೆಸರು. ಮೊದಲು ಯೋಗ್ಯತೆಯ ಮೇಲೆ ಒಬ್ಬರನ್ನು ಆರಿಸುತ್ತಾರೆ, ದರ ಕೇಳುವುದೇ ಇಲ್ಲ. ಆಮೇಲೆ ಕೆಲಸದ ವ್ಯಾಪ್ತಿ ಏನು ಎಂದು ಇಬ್ಬರೂ ಕೂತು ಬಿಡಿಸಿಕೊಳ್ಳುತ್ತಾರೆ. ಬಿಡಿಸಿಕೊಂಡ ಕೆಲಸಕ್ಕೆ ದರ ಕುದುರಿಸುತ್ತಾರೆ. ಕುದುರದಿದ್ದರೆ ಅವರಿಗೆ ನಮಸ್ಕಾರ ಹೇಳಿ ಎರಡನೇ ಸ್ಥಾನದವರನ್ನು ಕರೆಯುತ್ತಾರೆ. ಹೆರಿಗೆಗೆ ಡಾಕ್ಟರನ್ನು ಹುಡುಕುವಾಗ ನಾವು ಮಾಡುವುದೂ ಹೀಗೆಯೇ ಅಲ್ಲವೇ? ಮೂರು ಆಸ್ಪತ್ರೆಯಿಂದ ಕೊಟೇಷನ್ ತರಿಸಿ ಎಲ್1 ಡಾಕ್ಟರಿಗೆ ಸೊಸೆಯನ್ನು ಒಪ್ಪಿಸಿದವರನ್ನು ನಾನಂತೂ ಕಂಡಿಲ್ಲ.

ಬೇಕಾದ್ದು ಮೊದಲು ಗೊತ್ತಿಲ್ಲದಿರುವುದು ಒಂದು ಸಂಕಟ. ಗೊತ್ತಿದೆ ಅಂದುಕೊಂಡದ್ದು ನಡುವೆ ಬದಲಾಗುವುದು ಇನ್ನೊಂದು. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈ 13ರಂದು. ಆಗ ಕೆ.ಸಿ. ರೆಡ್ಡಿಯವರ ಸರ್ಕಾರದ ಕಣ್ಣ ಮುಂದಿದ್ದದ್ದು ಸರಳವಾದ ಒಂದು ಕಟ್ಟಡ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರಿಗೆ ಅದು ರುಚಿಸಲಿಲ್ಲ. ನಕ್ಷೆ ಬದಲಾಯಿತು, ಕಲ್ಲು ಬದಲಾಯಿತು, ಕಂಬ, ಗೋಪುರ, ಮೆಟ್ಟಿಲು ಎಲ್ಲ ಬೆಳೆದವು. 1956ಕ್ಕೆ ಮುಗಿದಾಗ ಖರ್ಚು ಎರಡು ಕೋಟಿಯ ಹತ್ತಿರ ಬಂದಿತ್ತು. ಟೀಕೆ ಏನು ಕಡಿಮೆಯಿರಲಿಲ್ಲ. ಆದರೆ ವಿನ್ಯಾಸದ ಹೊಣೆ ಹೊತ್ತಿದ್ದ ಬಿ.ಆರ್. ಮಾಣಿಕಂ ಸರ್ಕಾರದ್ದೇ ಎಂಜಿನಿಯರು, ಹೊರಗಿನಿಂದ ಬಿಡ್ ಹಾಕಿ ಬಂದವರಲ್ಲ. ಮುಖ್ಯಮಂತ್ರಿ ಮನಸ್ಸು ಬದಲಿಸಿದಾಗ ಅದು ನಕ್ಷೆಯ ಮೇಜಿಗೆ ಬಂತು. ಇವತ್ತಾದರೆ "ಹೆಚ್ಚುವರಿ ಐಟಂ" ಆಗಿ ಕಡತ ಸೇರಿ, ಅಲ್ಲಿಂದ ಮಧ್ಯಸ್ಥಿಕೆಗೆ, ಅಲ್ಲಿಂದ ಹೈಕೋರ್ಟಿಗೆ ಹೋಗುವ ದಾರಿ ಎಲ್ಲ ಕಂಟ್ರಾಕ್ಟರುಗಳಿಗೂ ಬಾಯಿಪಾಠ. ಆ ಖರ್ಚು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನನಗೆ ಕಾಣುವುದು ಇಷ್ಟು: ಇಬ್ಬರೂ ಮೇಜಿನ ಒಂದೇ ಕಡೆ ಕೂತಿದ್ದರು.

ಹೊರಗಿನವರನ್ನು ಕರೆಸಿಯೂ ಮೇಜಿನ ಒಂದೇ ಕಡೆ ಕೂರಿಸಬಹುದೇ? ದೊಡ್ಡ ಪ್ರಮಾಣದಲ್ಲಿ ಹಾಗೆ ಮಾಡಿ ನೋಡಿದವರು ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣದವರು. ಐದನೇ ಟರ್ಮಿನಲ್ ಕಟ್ಟಬೇಕಿತ್ತು. ಅನುಮತಿಗಾಗಿ ನಡೆದ ಸಾರ್ವಜನಿಕ ವಿಚಾರಣೆಯೇ 1995ರಿಂದ 1999ರವರೆಗೆ ಎಳೆಯಿತು. ಇಂಥ ಕೆಲಸದಲ್ಲಿ ಮುಂದೇನು ಎದುರಾಗುತ್ತದೆಂದು ಹೇಳುವವರು ಯಾರು? ನಿಲ್ದಾಣದ ಒಡೆತನವಿದ್ದ ಬಿಎಎ ಕಂಪನಿ ಬ್ರಿಟನ್ನಿನ ಹಿಂದಿನ ದೊಡ್ಡ ಕಾಮಗಾರಿಗಳ ಜಾತಕ ತೆಗೆಸಿ ನೋಡಿತು. ಹಳೇ ಪದ್ಧತಿಯಲ್ಲಿ ಹೋದರೆ ಇದೂ ತಡವಾಗುವುದು, ದುಡ್ಡೂ ಮೀರುವುದು ಖಂಡಿತ ಅನ್ನಿಸಿತು. ಆಗ ಅದು ಬರೆದುಕೊಂಡ ಕರಾರಿನ ತಿರುಳು ನಮ್ಮ ಕಂಟ್ರಾಕ್ಟರುಗಳಿಗೆ ಹೇಳಿದರೆ ನಂಬಲಿಕ್ಕಿಲ್ಲ. ಅಪಾಯ ಏನಿದ್ದರೂ ನಮ್ಮದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ನಿಜವಾದ ಖರ್ಚು ಕೊಡುತ್ತೇವೆ, ಲೆಕ್ಕದ ಪುಸ್ತಕ ನಮ್ಮ ಮುಂದೆ ತೆರೆದಿರಬೇಕು. ಅದರ ಮೇಲೆ ಮೊದಲೇ ಒಪ್ಪಿದ ಲಾಭ. ಉಳಿತಾಯವಾದರೆ ಹಂಚಿಕೊಳ್ಳೋಣ.

ಅದರಿಂದ ಆದದ್ದೇನು ಎಂಬುದಕ್ಕೆ ಒಂದು ಉದಾಹರಣೆ. ಟರ್ಮಿನಲ್ಲಿನ ಚಾವಣಿ ಅಗಾಧವಾದದ್ದು, ಅಂಥದ್ದನ್ನು ಎತ್ತಿ ನಿಲ್ಲಿಸಿ ಯಾರಿಗೂ ರೂಢಿಯಿಲ್ಲ. ವಿನ್ಯಾಸ ಮಾಡಿದವರು, ಉಕ್ಕು ಕಡಿಯುವವರು, ಎತ್ತಿ ಜೋಡಿಸುವವರು ಎಲ್ಲ ಸೇರಿ ಅದರ ಒಂದು ಭಾಗವನ್ನು ದೂರದ ಯಾರ್ಕ್‌ಶೈರಿನಲ್ಲಿ ಮೊದಲೇ ಜೋಡಿಸಿ ನೋಡಿದರು. ಎಲ್ಲಿ ಬೋಲ್ಟು ಕೂರುವುದಿಲ್ಲ, ಎಲ್ಲಿ ಮನುಷ್ಯನ ಕೈ ಹೋಗುವುದಿಲ್ಲ ಎಂಬುದೆಲ್ಲ ಅಲ್ಲಿ ಗೊತ್ತಾಯಿತು. ತಪ್ಪು ಯಾರದೆಂದು ತೀರ್ಮಾನಿಸುವ ಗರಜು ಯಾರಿಗೂ ಇರಲಿಲ್ಲ, ಏಕೆಂದರೆ ತಪ್ಪಿನ ಬಿಲ್ಲು ಯಾರ ಹೆಸರಿಗೂ ಹೋಗುತ್ತಿರಲಿಲ್ಲ. ಎಲ್1ರಲ್ಲಿ ಬಂದ ಕಂಟ್ರಾಕ್ಟರು ತನ್ನ ತಪ್ಪನ್ನು ಮುಂಚೆಯೇ ಬಂದು ತೋರಿಸಲಿ ನೋಡೋಣ. ಕಾಂಕ್ರೀಟು ಹಾಕಿ ಮುಚ್ಚುವುದೇ ಅವನಿಗೆ ಲಾಭ.

430 ಕೋಟಿ ಪೌಂಡಿನ ಆ ಕಟ್ಟಡ ಹೇಳಿದ ದಿನಕ್ಕೆ, ಹೇಳಿದ ದುಡ್ಡಿನಲ್ಲಿ ಮುಗಿಯಿತು. 2008ರ ಮಾರ್ಚ್ 27ರಂದು ಪ್ರಯಾಣಿಕರಿಗೆ ತೆರೆಯಿತು. ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮೊದಲ ದಿನವೇ ಸಾಮಾನು ಸಾಗಿಸುವ ವ್ಯವಸ್ಥೆ ಕೈಕೊಟ್ಟಿತು. ನೌಕರರಿಗೆ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ, ಒಳಗೆ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆಂದು ತಿಳಿಯಲಿಲ್ಲ, ಕಂಪ್ಯೂಟರು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೊದಲ ಕೆಲವು ದಿನಗಳಲ್ಲಿ ನೂರಾರು ವಿಮಾನಗಳು ರದ್ದಾಗಿ, ಪೆಟ್ಟಿಗೆಗಳು ಬೆಟ್ಟವಾಗಿ ಬಿದ್ದವು. ಕಟ್ಟುವಾಗ ಒಂದೇ ಕಡೆ ಕೂತವರು, ಅದನ್ನು ನಡೆಸಬೇಕಾದ ಬ್ರಿಟಿಷ್ ಏರ್‌ವೇಸ್‌ನ ಸಾಮಾನು ಹೊರುವವನನ್ನು ಅಷ್ಟೇ ಹತ್ತಿರ ಕೂರಿಸಿಕೊಂಡಿರಲಿಲ್ಲ. ಪರೀಕ್ಷೆಗೆ ಇಟ್ಟಿದ್ದ ಸಮಯವನ್ನೂ ಕೊನೆಯ ಹಂತದ ಕಾಮಗಾರಿ ತಿಂದುಹಾಕಿತ್ತು. ಜೊತೆಯಾಗಿ ಮಾಡುವುದು ಅಂದಾಗ ಜೊತೆಗೆ ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಅಡಿ ಲೆಕ್ಕದಲ್ಲಿ ಕೊರೆಯುವವನಿಗೆ ಆಳವೇ ಲಾಭ. ವಾಯಿದೆಗಿಷ್ಟು ಎಂದು ಫೀಸು ತೆಗೆದುಕೊಳ್ಳುವ ವಕೀಲರಿಗೆ ವಾಯಿದೆ ಮುಂದೆ ಹೋದರೆ ಕಣ್ಣೀರು ಬರುವುದಿಲ್ಲ. ಗಂಟೆ ಲೆಕ್ಕದ ಸಲಹೆಗಾರರು ಗಡಿಯಾರಕ್ಕೆ ದಿನವೂ ಪೂಜೆ ಮಾಡುತ್ತಾರೆ. ಹಾಗಾಗಿ ಬೇಕಾದ್ದು ಗೊತ್ತಿಲ್ಲ ಎಂದು ಒಪ್ಪಿಕೊಂಡು ಬಾಯಿ ಮುಚ್ಚಿ ಕೂತರೆ ಬೋರು ಪಾತಾಳ ಮುಟ್ಟುತ್ತದೆ. ಚಿಕ್ಕಪ್ಪ ನಿದ್ದೆಗೆಟ್ಟು ಕಲ್ಲು ಎಣಿಸಿದ್ದು ಸುಮ್ಮನೆ ಅಲ್ಲ. ಈ ಬಗೆಯ ಖರೀದಿಯಲ್ಲಿ ಕೊಳ್ಳುವವನಿಗೂ ಕೆಲಸವಿದೆ, ಅದೂ ರಾತ್ರಿ ಪಾಳಿಯ ಕೆಲಸ. ದೊಡ್ಡ ಇಲಾಖೆಗಳು ಫಿಕ್ಸೆಡ್ ದರದ ಕರಾರಿಗೆ ಜೋತುಬೀಳುವುದಕ್ಕೆ ಭ್ರಷ್ಟಾಚಾರದ ಭಯದಷ್ಟೇ ಇದೂ ಕಾರಣವಿರಬೇಕೆಂದು ನನ್ನ ಗುಮಾನಿ. ಸಹಿ ಹಾಕಿ ಮಲಗಬಹುದು.

ಮತ್ತೆ ನಮ್ಮ ಸೋರಿಕೆಗೆ ಬರುತ್ತೇನೆ. ಸಭೆಯಲ್ಲಿ ಕೂಗಾಟ ಮುಗಿದ ಮೇಲೆ, ನೆಲಮಹಡಿಯ ಹುಡುಗ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವವನು, ಎದ್ದು ನಿಂತು, "ಅಂಕಲ್, ಇದು ಫಿಕ್ಸೆಡ್ ಬಿಡ್ ಕೆಲಸ ಅಲ್ಲ. ಮೊದಲು ಏನಾಗಿದೆ ಅಂತ ಕಂಡುಹಿಡಿಯೋಕೆ ದುಡ್ಡು ಕೊಡೋಣ, ರಿಪೇರಿಗೆ ಆಮೇಲೆ," ಅಂದ. ಅವನ ವೃತ್ತಿಯವರಿಗೆ ಇದು ಹಳೇ ಗಾಯ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಮಂದಿ ಸಾಫ್ಟ್‌ವೇರಿನವರು ಕೂತು ಬರೆದ 'ಅಜೈಲ್' ಪ್ರಣಾಳಿಕೆಯಲ್ಲಿ ಕರಾರಿನ ಚೌಕಾಸಿಗಿಂತ ಗ್ರಾಹಕನ ಜೊತೆ ಸೇರಿ ಮಾಡುವ ಕೆಲಸಕ್ಕೇ ಹೆಚ್ಚು ಬೆಲೆ. ಬೆಂಗಳೂರಿನ ಎಷ್ಟು ಮನೆಗಳ ಸಾಲದ ಕಂತು ಆ ಪ್ರಣಾಳಿಕೆಯ ಹೆಸರಲ್ಲಿ ತೀರುತ್ತಿದೆಯೋ. ಅವೇ ಮನೆಗಳ ಸೋರಿಕೆಗೆ ಮಾತ್ರ ನಾವು ಮೂರು ಕೊಟೇಷನ್ ತರಿಸುತ್ತೇವೆ.

ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಸಿಕ್ಕಿದರು. ಒಟ್ಟು ಎಷ್ಟಾಗುತ್ತೆ ಸರ್ ಎಂದು ಖಜಾಂಚಿ ಕೇಳಿದಾಗ ಅವರು "ನನಗೆ ಹೇಗ್ರೀ ಗೊತ್ತಾಗ್ಬೇಕು?" ಅಂದರು. ಖಜಾಂಚಿ ಮುಖ ನೋಡಬೇಕಿತ್ತು. ಒಂದು ಪುಟದ ಕಾಗದ ಬರೆದುಕೊಂಡೆವು. ಒಂದು ಭೇಟಿಗೆ 4,000 ರೂಪಾಯಿ. ಪ್ರತಿ ಭೇಟಿಯ ಕೊನೆಗೆ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ ಎಂದು ಒಂದೇ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ. ಅಲ್ಲಿಗೇ ಸಾಕು ಅನ್ನುವ ಹಕ್ಕು ಇಬ್ಬರಿಗೂ. ಆರು ಭೇಟಿ ದಾಟಿದರೆ ಮತ್ತೆ ಸಭೆ ಕರೆಯುವುದು. ರಿಪೇರಿ ಮಾಡುವವರಿಂದ ಅವರು ಒಂದು ಪೈಸೆ ಮುಟ್ಟುವಂತಿಲ್ಲ. ಈ ಸಾಲನ್ನು ಅವರೇ ಸೇರಿಸಿದ್ದು.

ಮೊದಲ ದಿನ ಅವರು ತಾರಸಿ ಹತ್ತಲೇ ಇಲ್ಲ. ಕಲೆಯಿದ್ದ ಮನೆಯ ಹಾಲಿನಲ್ಲಿ ಕೂತು ಆ ಮನೆಯ ಅಜ್ಜಿಯನ್ನು ಅರ್ಧ ಗಂಟೆ ಮಾತಾಡಿಸಿದರು. ಕಲೆ ಒದ್ದೆಯಾಗುವುದು ಯಾವಾಗ, ಬೇಸಿಗೆಯಲ್ಲೂ ಇರುತ್ತಾ, ಮೇಲಿನ ಮನೆಯವರು ಊರಿಗೆ ಹೋದಾಗ? ಅಜ್ಜಿ ಯೋಚಿಸಿ, "ದಸರಾ ರಜೇಲಿ ಒಣಗಿತ್ತಪ್ಪ," ಅಂದರು. ಎರಡನೇ ಭೇಟಿಗೆ ಮೇಲಿನ ಮನೆಯ ಬಚ್ಚಲಿನ ತೂತು ಮುಚ್ಚಿ, ನೀಲಿ ಬಣ್ಣ ಕಲೆಸಿದ ನೀರು ಎರಡು ದಿನ ನಿಲ್ಲಿಸಿದರು. ಮೂರನೆಯ ದಿನ ಅಜ್ಜಿಯ ಕಾಫಿ ಕಲೆಯ ಅಂಚಿಗೆ ನೀಲಿ ಬಂತು. ಬಚ್ಚಲಿನ ನೆಲದಡಿಯ ತಗ್ಗು ಸ್ಲ್ಯಾಬಿನಲ್ಲಿ ಪೈಪಿನ ಒಂದು ಕೂಡು ಬಿಟ್ಟಿತ್ತು. ಮಳೆಗಾಲದಲ್ಲಿ ಹೆಚ್ಚಾಗುತ್ತಿದ್ದದ್ದೇಕೆ ಎಂಬುದು ಆಗಲೂ ತಿಳಿಯಲಿಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದರು: "ಮಳೆಯ ಕಾರಣ ಗೊತ್ತಾಗಿಲ್ಲ." ಮೂರನೇ ಭೇಟಿಗೆ ಡಕ್ಟಿನೊಳಗೆ ಇಣುಕಿ ನೋಡಿದಾಗ ಮಳೆನೀರಿನ ಪೈಪಿನಲ್ಲಿ ಇನ್ನೊಂದು ಬಿರುಕು ಸಿಕ್ಕಿತು. ನಾಲ್ಕನೆಯ ಭೇಟಿ ಬೇಕಿಲ್ಲ ಎಂದು ಅವರೇ ಹೇಳಿದರು. ಎರಡು ಜಾಗ, ಇಂತಿಷ್ಟು ಅಡಿ ಪೈಪು, ಇಂತಿಷ್ಟು ಟೈಲ್ಸು ಎಂದು ಬರೆದುಕೊಟ್ಟು ಹೋದರು. ಇದಾಗಿ ಎರಡು ಮಳೆಗಾಲ ಕಳೆದಿವೆ.

12,000 ರೂಪಾಯಿಗೆ ನಮಗೆ ಸಿಕ್ಕಿದ್ದು ಏನು ಕೇಳಬೇಕೆಂಬುದರ ವಿವರ. ಆ ವಿವರವನ್ನು ಹಿಡಿದು ಪ್ಲಂಬಿಂಗ್ ಕೆಲಸಕ್ಕೆ ಮೂರು ಕೊಟೇಷನ್ ತರಿಸಿದೆವು. ಕಡಿಮೆ ಬರೆದವರಿಗೇ ಕೊಟ್ಟೆವು.